ಸೀರೆ ಅಂಗಡಿಯಲ್ಲಿ ಯಾರನ್ನು ಯಾವ ಕೌಂಟರ್‌ಗೆ ನಿಲ್ಲಿಸಬೇಕು?

ದಾವಣಗೆರೆ ಮಂಡಿಪೇಟೆ ಸುತ್ತಮುತ್ತ ಬಟ್ಟೆ ಅಂಗಡಿಗಳಲ್ಲಿ 19 ವರ್ಷ ದುಡಿದಿದ್ದೇನೆ. ಈಗ 22 ಜನರಿಗೆ ಕೆಲಸ ಹಂಚುವ ಮ್ಯಾನೇಜರ್. ಈ ಕುರ್ಚಿಗೆ ಹೊಸದಾಗಿ ಬಂದವರಿಗೆ ಮೊದಲು ಹೇಳುವುದು ಇದನ್ನೇ. "ಗಂಡಸರು ಹಾಗೇ ಅಲ್ವಾ, ಚೆಂದ ಇದ್ದವರ ಹತ್ರಾನೇ ಹೋಗ್ತಾರೆ" ಅನ್ನುವ ಮಾತು ನಂಬಿ ಕೌಂಟರ್ ಹಂಚಬೇಡಿ.

ನಾನು ಹಾಗೆ ಹಂಚಿದ್ದೆ. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಆಗ ವ್ಯಾಪಾರ ಜೋರು. ಬಾಗಿಲ ಹತ್ತಿರದ ರೇಷ್ಮೆ ಕೌಂಟರ್‌ಗೆ ಬೆಳ್ಳಗಿದ್ದ ಹೊಸ ಹುಡುಗಿಯನ್ನು ನಿಲ್ಲಿಸಿದೆ. ಏಳು ವರ್ಷದ ಅನುಭವ ಇದ್ದವರನ್ನು ಒಳಗೆ ಬ್ಲೌಸ್ ಪೀಸ್ ಕಡೆಗೆ ಕಳಿಸಿದೆ. ಹುಡುಗಿಗೆ ಜರಿ ಗುರುತಿಸಲು ಬರುತ್ತಿರಲಿಲ್ಲ. ಸೀರೆ ಆರಿಸಲು ಬಂದವರೋ ಹೆಂಗಸರು. ಜೊತೆಗೆ ಬಂದ ಗಂಡಸರು ಕುರ್ಚಿಯಲ್ಲಿ ಮೊಬೈಲ್ ನೋಡುತ್ತಿದ್ದರು. ಹಿರಿಯರಿಗೆ ಇನ್ಸೆಂಟಿವ್ ತಪ್ಪಿತು. ಹುಡುಗಿಗೆ "ಮುಖ ನೋಡಿ ಕೊಟ್ಟಿದ್ದು" ಅನ್ನುವ ಮಾತು ಅಂಟಿತು, ಎರಡು ತಿಂಗಳಲ್ಲಿ ಕೆಲಸ ಬಿಟ್ಟಳು. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಈಗ ಕೌಂಟರ್ ಪ್ರತಿ ಸೋಮವಾರ ಬದಲಾಗುತ್ತದೆ. ಪಟ್ಟಿ ಗೋಡೆ ಮೇಲಿರುತ್ತದೆ. ಯಾರು ಎಷ್ಟು ಬಿಲ್ ಮಾಡಿದರು, ಎಷ್ಟು ಸೀರೆ ವಾಪಸ್ ಬಂತು, ಎರಡನ್ನೂ ಒಂದು ಪುಸ್ತಕದಲ್ಲಿ ಬರೆಯಿರಿ. ಆ ಪುಸ್ತಕ ಎಲ್ಲರ ಕೈಗೂ ಸಿಗಲಿ. ಸಂಬಳ ಏರಿಸಿದಾಗ ಯಾರಾದರೂ ಗುಸುಗುಸು ಅಂದರೆ ಬೈಯಬೇಡಿ, ಪುಸ್ತಕ ತೆರೆದು ತೋರಿಸಿ. ಕೆಲಸಕ್ಕೆ ತೆಗೆದುಕೊಳ್ಳುವಾಗ ಫೋಟೋ ಕೇಳಬೇಡಿ. ಐದು ಸೀರೆ ಕೊಟ್ಟು, ಬಿಚ್ಚಿ ತೋರಿಸಿ ಮತ್ತೆ ಮಡಚಲು ಹೇಳಿ. ನಿಮ್ಮ ಜೊತೆ ಇನ್ನೊಬ್ಬರು ಕೂತು ಅಂಕ ಹಾಕಲಿ.

ಇನ್ನೊಂದು ತಪ್ಪನ್ನು ಒಳ್ಳೆಯವರೇ ಮಾಡುತ್ತಾರೆ. ಸೂರತ್‌ಗೆ ಖರೀದಿಗೆ ಹೋಗುವಾಗ "ಜನ ಏನಾದ್ರೂ ಅಂದ್ಕೊಳ್ತಾರೆ" ಅಂತ ಹೆಂಗಸರನ್ನು ಬಿಟ್ಟು ಹೋಗುತ್ತಾರೆ. ಬಟ್ಟೆಯ ದರ ಕಲಿಯುವುದು ಅಲ್ಲೇ. ಅಲ್ಲಿಗೆ ಹೋಗದವರು ಎಂದೂ ಖರೀದಿ ನೋಡಿಕೊಳ್ಳುವ ಹುದ್ದೆಗೆ ಏರುವುದಿಲ್ಲ. ಬರಲು ಒಪ್ಪುತ್ತೀರಾ ಅಂತ ಅವರನ್ನೇ ಕೇಳಿ. ಇಬ್ಬರು ಹೆಂಗಸರನ್ನು ಒಟ್ಟಿಗೆ ಕರೆದುಕೊಂಡು ಹೋಗಿ, ಬೇರೆ ರೂಮ್ ಮಾಡಿ. ಒಂದು ರೂಮಿನ ಬಾಡಿಗೆ ಜಾಸ್ತಿಯಾಗುತ್ತದೆ, ಆಗಲಿ.

"ಗಂಡಸರು ಹಾಗೇ" ಅನ್ನುವ ಮಾತು ನಮ್ಮ ಹುಡುಗರಿಗೂ ಅವಮಾನವೇ. ಯಾರೋ ಇಷ್ಟವಾಗುವುದು ಸಹಜ. ಅದಕ್ಕಾಗಿ ಅವರಿಗೆ ರಜೆ ಸುಲಭವಾಗಿ ಕೊಡುವುದು, ಬೇಡ ಅಂದರೂ ಹಿಂದೆ ಬೀಳುವುದು ನಾವು ಬೇಕಂತಲೇ ಮಾಡುವ ಕೆಲಸ. "ಗಂಡಸರು ತಾನೇ" ಅಂತ ಅದನ್ನು ಮುಚ್ಚಬೇಡಿ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಪ್ರಕಾರ, 10 ಅಥವಾ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಹಿರಿಯ ಮಹಿಳೆಯೇ ಅಧ್ಯಕ್ಷೆ, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು, ಹೊರಗಿನವರು ಒಬ್ಬರು. ಸಮಿತಿ ಮಾಡದ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ. ದೂರು 3 ತಿಂಗಳೊಳಗೆ ಕೊಡಬೇಕು, ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ಚಿಕ್ಕ ಅಂಗಡಿಯವರಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ.

ನಮ್ಮ ಸಮಿತಿಯವರ ಹೆಸರು, ಫೋನ್ ನಂಬರ್ ಇರುವ ಹಾಳೆಯನ್ನು ಹೆಂಗಸರು ಊಟ ಮಾಡುವ ಕೋಣೆಯಲ್ಲಿ ಅಂಟಿಸಿದ್ದೇವೆ. ಆಫೀಸ್ ರೂಮಿನಲ್ಲಿ ಹಾಕಿದ್ದಾಗ ನನ್ನೆದುರು ನಿಂತು ನಂಬರ್ ಬರೆದುಕೊಳ್ಳಲು ಯಾರಿಗೂ ಧೈರ್ಯ ಬಂದಿರಲಿಲ್ಲ.