ತೂಕ ಸರಿ, ಕೊಬ್ಬು ಜಾಸ್ತಿ: ಉಸಿರಿನ ಬಲ ಅಳೆದು ಬೆಳೆಸುವ ನಮ್ಮ ಕ್ರಮ

ಎತ್ತರ 170 ಸೆಂ.ಮೀ., ತೂಕ 65 ಕೆ.ಜಿ., ಬಿಎಂಐ 22.5. ಹೆಲ್ತ್ ಚೆಕಪ್ ರಿಪೋರ್ಟಿನಲ್ಲಿ ಇಂಥವರಿಗೆ 'ನಾರ್ಮಲ್' ಅಂತ ಬರೆದಿರುತ್ತದೆ. ಆದರೆ ಎರಡು ಮಹಡಿ ಹತ್ತುವಷ್ಟರಲ್ಲಿ ಏದುಸಿರು, ಸೊಂಟದ ಮೇಲೆ ಹಿಡಿಯಷ್ಟು ಮಡಿಕೆ. ಭಾರತೀಯರಲ್ಲಿ ಇದು ಹೊಸದೇನಲ್ಲ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ತಮ್ಮದೇ ಫೋಟೋ, ತಮ್ಮದೇ ಅಂಕಿ ಪ್ರಕಟಿಸಿದ್ದರು. ಇಬ್ಬರ ಬಿಎಂಐ 22.3. ದೇಹದ ಕೊಬ್ಬು ಮಾತ್ರ ಯುಡ್ಕಿನ್‌ಗೆ 9.1%, ಯಾಜ್ಞಿಕ್‌ಗೆ 21.2%. ಹಾಗಾಗಿ ನಮ್ಮಲ್ಲಿ ತಕ್ಕಡಿಯ ನಂತರದ ಕೆಲಸ ಕ್ಯಾಲಿಪರ್‌ನದು, ಅಂದರೆ ಚರ್ಮದ ಮಡಿಕೆಯ ದಪ್ಪ ಅಳೆಯುವ ಚಿಮಟದಂಥ ಸಾಧನದ್ದು.

ಬಲಗಡೆ ನಾಲ್ಕು ಜಾಗ: ತೋಳಿನ ಮುಂದೆ, ತೋಳಿನ ಹಿಂದೆ, ಹೆಗಲೆಲುಬಿನ ಕೆಳತುದಿ, ಸೊಂಟದ ಎಲುಬಿನ ಮೇಲೆ. ಮಡಿಕೆ ಎತ್ತಿ ಹಿಡಿದು, ಕ್ಯಾಲಿಪರ್ ಕಚ್ಚಿಸಿ ಅದರ ಹಿಡಿ ಬಿಟ್ಟು, ಎರಡು ಸೆಕೆಂಡು ಆದ ಮೇಲೆ ಓದಬೇಕು. ತಡ ಮಾಡಿದರೆ ಕೊಬ್ಬು ಹಿಂಡಿಹೋಗಿ ಅಂಕಿ ಇಳಿಯುತ್ತದೆ. ಮಡಿಕೆಯ ಜೊತೆ ಸ್ನಾಯುವೂ ಸಿಕ್ಕಿಬಿಟ್ಟರೆ ಏರುತ್ತದೆ. ಅನುಮಾನ ಬಂದರೆ ಆ ಸ್ನಾಯು ಬಿಗಿ ಮಾಡಲು ಹೇಳಿ. ಬೆರಳಿನಿಂದ ಜಾರಿಕೊಂಡದ್ದು ಸ್ನಾಯು, ಉಳಿದದ್ದು ಕೊಬ್ಬು. ನಾಲ್ಕರ ಮೊತ್ತ 72 ಮಿ.ಮೀ. ಅಂತಿಟ್ಟುಕೊಳ್ಳಿ. 30–39 ವಯಸ್ಸಿನ ಗಂಡಸರಿಗೆ ಡರ್ನಿನ್–ವೋಮರ್ಸ್ಲಿ ಸೂತ್ರದಲ್ಲಿ ದೇಹದ ಸಾಂದ್ರತೆ = 1.1422 − 0.0544 × ಲಾಗ್ 72, ಅಂದರೆ 1.0412. 495ನ್ನು ಅದರಿಂದ ಭಾಗಿಸಿ 450 ಕಳೆದರೆ ಕೊಬ್ಬು 25.4%. ಗಂಡಸರಿಗೆ 25, ಹೆಂಗಸರಿಗೆ 35 ದಾಟಿದರೆ ನಾವು 'ಜಾಸ್ತಿ' ಅನ್ನುತ್ತೇವೆ. ಗೆರೆ ಎಲ್ಲಿ ಎಳೆಯಬೇಕೆನ್ನುವುದರಲ್ಲಿ ಒಮ್ಮತವಿಲ್ಲ, ಹೆಂಗಸರಿಗೆ 30 ಅನ್ನುವವರೂ ಇದ್ದಾರೆ. ಬರಿಗಾಲಲ್ಲಿ ನಿಂತು ಕೊಬ್ಬು ನೋಡುವ ಮನೆ ತಕ್ಕಡಿ ದೇಹದೊಳಗೆ ಬಿಡುವ ಸಣ್ಣ ಕರೆಂಟು ಹೆಚ್ಚಾಗಿ ಕಾಲುಗಳಲ್ಲೇ ಹರಿಯುತ್ತದೆ. ಹೊಟ್ಟೆಯ ಸುದ್ದಿ ಅದಕ್ಕೆ ಸರಿಯಾಗಿ ತಿಳಿಯುವುದಿಲ್ಲ.

ಫಿಟ್‌ನೆಸ್‌ಗೆ ಆರು ನಿಮಿಷದ ನಡಿಗೆ ಪರೀಕ್ಷೆ ನಾವು ಬಳಸುವುದಿಲ್ಲ. ಆರೋಗ್ಯವಂತ ವಯಸ್ಕರು ಎಲ್ಲರೂ ಚೆನ್ನಾಗಿಯೇ ನಡೆಯುತ್ತಾರೆ, ವ್ಯತ್ಯಾಸ ಕಾಣುವುದಿಲ್ಲ. ಅದರ ಬದಲು ಕ್ವೀನ್ಸ್ ಕಾಲೇಜ್ ಸ್ಟೆಪ್ ಟೆಸ್ಟ್: 41.3 ಸೆಂ.ಮೀ. ಮೆಟ್ಟಿಲು, ಮೂರು ನಿಮಿಷ, ಗಂಡಸರಿಗೆ ನಿಮಿಷಕ್ಕೆ 24 ಸಲ ಹತ್ತಿ ಇಳಿಯುವುದು, ಹೆಂಗಸರಿಗೆ 22. ಹೆಜ್ಜೆಗೆ ತಾಳ ಹಾಕುವ ಮೆಟ್ರೊನೋಮ್ ನಿಮಿಷಕ್ಕೆ 96 ಅಥವಾ 88ಕ್ಕೆ. ನಿಂತ 5ನೇ ಸೆಕೆಂಡಿನಿಂದ 20ನೇ ಸೆಕೆಂಡಿನವರೆಗೆ ನಾಡಿ ಎಣಿಸಿ 4ರಿಂದ ಗುಣಿಸಬೇಕು. ದೇಹ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಎನ್ನುವ ಅಂದಾಜು ಗಂಡಸರಿಗೆ 111.33 − 0.42 × ನಾಡಿ. ನಾಡಿ 168 ಬಂದರೆ ನಿಮಿಷಕ್ಕೆ ಕೆ.ಜಿ.ಗೆ 40.8 ಮಿ.ಲೀ. ಆಮ್ಲಜನಕ.

ಎಡವುವುದು ಇಲ್ಲೇ. ಈ ಅಂಕಿಯನ್ನು ಒಟ್ಟು ತೂಕದಿಂದ ಭಾಗಿಸಿರುತ್ತದೆ, ಆ ತೂಕದಲ್ಲಿ ಕಾಲು ಭಾಗ ಕೊಬ್ಬು. 65 ಕೆ.ಜಿ.ಯಲ್ಲಿ ಕೊಬ್ಬು ಬಿಟ್ಟ ಭಾಗ 48.5 ಕೆ.ಜಿ. ಅದಕ್ಕೆ ಲೆಕ್ಕ ಹಾಕಿದರೆ ಅದೇ ವ್ಯಕ್ತಿಗೆ 54.7. ಇದೇ 54.7 ಇರುವ, ಆದರೆ ಕೊಬ್ಬು 15% ಮಾತ್ರ ಇರುವ ಇನ್ನೊಬ್ಬ 65 ಕೆ.ಜಿ. ಮನುಷ್ಯನಿಗೆ ಒಟ್ಟು ತೂಕದ ಲೆಕ್ಕದಲ್ಲಿ 46.5 ಬರುತ್ತದೆ. ಅಂದರೆ ಹೃದಯ, ಶ್ವಾಸಕೋಶ, ಸ್ನಾಯುಗಳಲ್ಲಿ ಯಾವ ದೋಷವೂ ಇಲ್ಲದೆ ಸುಮಾರು 6 ಅಂಕ ಕಳೆದುಹೋಗಬಹುದು. ನಾವು ಎರಡೂ ಬರೆದಿಡುತ್ತೇವೆ. ಎರಡನೆಯದೂ ಕಡಿಮೆ ಇದ್ದರೆ ಮಾತ್ರ ನಿಜವಾದ ಫಿಟ್‌ನೆಸ್ ಕೊರತೆಯ ಮಾತು.

ಇನ್ನು ಉಸಿರಿನ ಬಲ. ಒಳಗೆಳೆಯುವ ಗರಿಷ್ಠ ಒತ್ತಡ, ಎಂಐಪಿ. ಅಳತೆ ಸೆಂ.ಮೀ. ನೀರಿನ ಒತ್ತಡದಲ್ಲಿ. ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಮೂಗಿಗೆ ಕ್ಲಿಪ್ ಹಾಕಿ, ಇರುವ ಗಾಳಿಯನ್ನೆಲ್ಲ ಹೊರಗೆ ಬಿಡಿಸಿ, ಆಮೇಲೆ ಒತ್ತಡದ ಮೀಟರಿನ ಮೌತ್‌ಪೀಸ್ ಬಾಯಿಗಿಟ್ಟು 'ಎಳೀರಿ, ಎಳೀರಿ, ಎಳೀರಿ'. ಕನಿಷ್ಠ ಒಂದೂವರೆ ಸೆಕೆಂಡು ಹಿಡಿದಿರಬೇಕು. ಮುಳ್ಳು ಚಿಮ್ಮಿದ ತುದಿ ಲೆಕ್ಕಕ್ಕಿಲ್ಲ, ಒಂದು ಸೆಕೆಂಡು ನಿಂತ ಒತ್ತಡವೇ ಲೆಕ್ಕ.

ಮೌತ್‌ಪೀಸಿನ ಪಕ್ಕದಲ್ಲಿ 2 ಮಿ.ಮೀ. ತೂತು ಇರುತ್ತದೆ. ಹೊಸಬರು ಅದನ್ನು ಸೋರಿಕೆ ಅಂದುಕೊಂಡು ಟೇಪ್ ಅಂಟಿಸುತ್ತಾರೆ! ಅದು ಬೇಕೆಂದೇ ಕೊರೆದ ತೂತು. ಇಲ್ಲದಿದ್ದರೆ ಗಂಟಲು ಮುಚ್ಚಿಕೊಂಡು ಎಳನೀರಿನ ಸ್ಟ್ರಾ ಹೀರಿದ ಹಾಗೆ ಬರೀ ಕೆನ್ನೆಯಿಂದ ಹೀರಿ ದೊಡ್ಡ ಅಂಕಿ ತೋರಿಸಬಹುದು. ತೂತು ಇದ್ದರೆ ಕೆನ್ನೆಯ ಒತ್ತಡ ಕ್ಷಣದಲ್ಲೇ ಬಿದ್ದುಹೋಗುತ್ತದೆ, ಎದೆಯಿಂದ ಎಳೆದದ್ದು ಮಾತ್ರ ನಿಲ್ಲುತ್ತದೆ.

ಕಡಿಮೆ ಅಂಕಿ ಬಂದ ಕೂಡಲೇ ಕೊಬ್ಬನ್ನು ದೂರಬೇಡಿ. ಪೂರ್ತಿ ಗಾಳಿ ಬಿಡದೆ ಎಳೆದರೆ ಉಸಿರಾಟದ ಮುಖ್ಯ ಸ್ನಾಯುವಾದ ವಪೆ ಆಗಲೇ ಕುಗ್ಗಿ ಕೆಳಗಿರುತ್ತದೆ, ಬಲ ಸಾಲುವುದಿಲ್ಲ. ತುಟಿಯ ಮೂಲೆಯಲ್ಲಿ ಸೋರಿದರೂ ಅದೇ ಕಥೆ. ಊಟ ಮಾಡಿ ಬಂದವರನ್ನು ಎರಡು ಗಂಟೆ ಕಾಯಿಸುತ್ತೇವೆ. ಮೂರು ಅಂಕಿ 10% ಒಳಗೆ ಹೊಂದುವವರೆಗೆ, ನಡುವೆ ಒಂದು ನಿಮಿಷ ವಿರಾಮ ಕೊಟ್ಟು, ಮತ್ತೆ ಮತ್ತೆ. ಐದಾರು ಸಲ ಬೇಕಾಗುವುದು ಮಾಮೂಲು. ಮೊದಲ ದಿನ 70, ಮೂರನೇ ದಿನ 85 ಬಂದರೆ ಸ್ನಾಯು ಬೆಳೆದಿಲ್ಲ, ಕೈ ಪಳಗಿದೆ ಅಷ್ಟೇ. 80 ಸೆಂ.ಮೀ. ನೀರಿನ ಒತ್ತಡ ದಾಟಿದರೆ ಕಾಯಿಲೆಯ ಮಟ್ಟದ ದೌರ್ಬಲ್ಯ ಸಾಮಾನ್ಯವಾಗಿ ಇಲ್ಲ.

ತರಬೇತಿಗೆ ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಮೂರು ಚೆಂಡಿನ ಸ್ಪೈರೋಮೀಟರ್ ತರುವವರು ಬಹಳ. ಅದರ ಮೇಲಿನ 600, 900, 1200 ಗಾಳಿಯ ವೇಗ, ಭಾರವಲ್ಲ. ಅದರಿಂದ ಬಲ ಬೆಳೆಸಲು ಹೋಗುವುದು ಖಾಲಿ ಕೈಯಲ್ಲಿ ಡಂಬೆಲ್ ಮಾಡಿದಂತೆ. ಬೇಕಾದ್ದು ಸ್ಪ್ರಿಂಗ್ ಇರುವ ಥ್ರೆಶೋಲ್ಡ್ ಸಾಧನ: ಇಟ್ಟ ಭಾರದಷ್ಟು ಬಲವಾಗಿ ಎಳೆದರೆ ಮಾತ್ರ ಅದರ ವಾಲ್ವ್ ತೆರೆಯುತ್ತದೆ. ಕೊಳ್ಳುವ ಮುನ್ನ ಗರಿಷ್ಠ ಭಾರ ನೋಡಿ. ರೋಗಿಗಳಿಗೆಂದು ಮಾಡಿದ ಕೆಲವು 41ಕ್ಕೇ ನಿಲ್ಲುತ್ತವೆ. ಎಂಐಪಿ 95 ಇದ್ದರೆ ಅರ್ಧವೇ 47.5, ಮೊದಲ ದಿನವೇ ಸಾಲದು.

ಎಂಐಪಿಯ 50% ಭಾರ, 30 ಉಸಿರು, ದಿನಕ್ಕೆ ಎರಡು ಸಲ, ಆರು ವಾರ. ಒಳಗೆ ಜೋರಾಗಿ, ಹೊರಗೆ ನಿಧಾನವಾಗಿ. 30ನೇ ಉಸಿರು ಕಷ್ಟದಲ್ಲಿ ಬರಬೇಕು. ಸುಲಭವಾದರೆ ಭಾರ ಸ್ವಲ್ಪ ಏರಿಸಿ. ತಲೆ ತಿರುಗಿದರೆ ಭಾರ ಹೆಚ್ಚಾಗಿದೆ ಅಂತಲ್ಲ, ಬೇಗಬೇಗ ಎಳೆದು ಇಂಗಾಲದ ಡೈಆಕ್ಸೈಡ್ ಇಳಿದಿದೆ. ಉಸಿರಿನ ನಡುವೆ ಮೂರ್ನಾಲ್ಕು ಸೆಕೆಂಡು ಬಿಡಿ. ಕಿವಿತಮಟೆ ಹರಿದವರು, ಶ್ವಾಸಕೋಶದ ಸುತ್ತ ಗಾಳಿ ಸೇರಿ ಚಿಕಿತ್ಸೆ ಪಡೆದವರು, ಹರ್ನಿಯಾ ಇರುವವರು, ಇತ್ತೀಚೆಗೆ ಕಣ್ಣು ಅಥವಾ ಹೊಟ್ಟೆಯ ಆಪರೇಷನ್ ಆದವರು, ಬಿಪಿ ಹಿಡಿತದಲ್ಲಿಲ್ಲದವರು ವೈದ್ಯರನ್ನು ಕೇಳದೆ ಮುಟ್ಟಬೇಡಿ.

ಇದರಿಂದ ಕೊಬ್ಬು ಕರಗುವುದಿಲ್ಲ. ಅದಕ್ಕೆ ವಾರಕ್ಕೆ ಎರಡು ಮೂರು ದಿನ ಭಾರ ಎತ್ತುವುದು, ಬಿರುಸು ನಡಿಗೆ, ತಟ್ಟೆಯಲ್ಲಿ ಅನ್ನ ತಗ್ಗಿಸಿ ಬೇಳೆ, ಮೊಟ್ಟೆ, ಮೊಸರು ಹೆಚ್ಚಿಸುವುದು. ಇಂಥವರಲ್ಲಿ ತೂಕ ಇಳಿಸುವ ಗುರಿಯೇ ತಪ್ಪು ಅನ್ನುವುದು ನಮ್ಮ ಅಭಿಪ್ರಾಯ. ಊಟ ಬಿಟ್ಟು 60ಕ್ಕೆ ಇಳಿದರೆ ಮೊದಲೇ ಕಡಿಮೆ ಇರುವ ಸ್ನಾಯುವೂ ಹೋಗುತ್ತದೆ, ಉಸಿರಿನದೂ ಸೇರಿ.

ಆರು ವಾರದ ಮರುಪರೀಕ್ಷೆ ಅದೇ ಕುರ್ಚಿ, ಅದೇ ಮೌತ್‌ಪೀಸ್, ಅದೇ ಹೊತ್ತಿಗೆ. ಹಿಂದಿನ ಅಂಕಿ ಹೇಳುವುದಿಲ್ಲ, ಹೇಳಿದರೆ ಅದನ್ನು ಮುಟ್ಟಿ ಕೈಬಿಡುತ್ತಾರೆ. ಮನೆಗೆ ಕೊಟ್ಟ ಸಾಧನದ ವಾಲ್ವನ್ನೂ ಅವತ್ತು ಬಿಚ್ಚಿ ನೋಡುತ್ತೇವೆ: ಎಂಜಲು ಒಣಗಿ ಅಂಟಿದ್ದರೆ ಬರೆದಿರುವ ಭಾರ ಸುಳ್ಳು. ಉಗುರುಬೆಚ್ಚಗಿನ ಸೋಪು ನೀರಲ್ಲಿ ವಾರಕ್ಕೊಮ್ಮೆ ತೊಳೆದು ನೆರಳಲ್ಲಿ ಒಣಗಿಸಿದರೆ ಸಾಕು.