ಮಂಡಿಯ ಮೃದ್ವಸ್ಥಿ ಸವೆದಾಗ ಸರಿಯಾದ ಚಿಕಿತ್ಸೆ ಆರಿಸಿಕೊಳ್ಳುವುದು ಹೇಗೆ?

ಮಂಡಿ ಸವೆದಿದೆ ಎಂದು ವೈದ್ಯರು ಹೇಳಿದ ಕೂಡಲೇ ಮನೆಯಲ್ಲಿ ಆಪರೇಷನ್ನಿನ ಮಾತು ಶುರುವಾಗುತ್ತದೆ. ಅದಕ್ಕೂ ಮೊದಲು ಕೇಳಬೇಕಾದದ್ದು, ಹಾನಿ ಯಾವ ಬಗೆಯದು ಎಂಬುದನ್ನು. ಆಟವಾಡುವಾಗಲೋ ಸ್ಕೂಟರಿನಿಂದ ಬಿದ್ದಾಗಲೋ ಮೃದ್ವಸ್ಥಿಯ (ಕೀಲಿನಲ್ಲಿ ಎಲುಬುಗಳ ತುದಿಯನ್ನು ಹೊದ್ದಿರುವ ನುಣುಪಾದ ಪದರ, ಕಾರ್ಟಿಲೇಜ್) ಒಂದು ಭಾಗ ಮಾತ್ರ ಕಿತ್ತು ಗುಳಿಯಾಗಿರಬಹುದು; ಇಲ್ಲವೇ ವಯಸ್ಸು, ತೂಕ, ಕಾಲಿನ ಬಾಗುಗಳಿಂದ ಇಡೀ ಕೀಲಿನ ಹೊದಿಕೆಯೇ ತೆಳುವಾಗಿರಬಹುದು. ಗುಳಿ ತುಂಬಲು ಮಾಡುವ ಶಸ್ತ್ರಚಿಕಿತ್ಸೆ ವ್ಯಾಪಕ ಸವೆತಕ್ಕೆ ಕೆಲಸ ಮಾಡುವುದಿಲ್ಲ. ಕೆಲವೇ ಮಿಲಿಮೀಟರ್ ದಪ್ಪದ ಈ ಪದರದಲ್ಲಿ ರಕ್ತನಾಳಗಳಿಲ್ಲದಿರುವುದರಿಂದ, ಒಮ್ಮೆ ಹಾಳಾದ ಮೃದ್ವಸ್ಥಿ ಚರ್ಮದಂತೆ ತಾನಾಗಿ ಕೂಡಿಕೊಳ್ಳುವುದಿಲ್ಲ.

ಆದ್ದರಿಂದ ಮೊದಲನೆಯ ಹೆಜ್ಜೆ ಸರಿಯಾದ ಪರೀಕ್ಷೆ. ಎಕ್ಸ್-ರೇಯನ್ನು ಮಲಗಿಸಿ ಅಲ್ಲ, ನಿಲ್ಲಿಸಿ ತೆಗೆಸಬೇಕು. ದೇಹದ ಭಾರ ಬಿದ್ದಾಗ ಎಲುಬುಗಳ ನಡುವಿನ ಅಂತರ ಎಷ್ಟು ಉಳಿದಿದೆ ಎಂಬುದು ಆಗಲೇ ಕಾಣುತ್ತದೆ. ಗುಳಿಯ ಅನುಮಾನವಿದ್ದರೆ ಎಂಆರ್‌ಐ ಬೇಕಾಗುತ್ತದೆ. ಬೆಂಗಳೂರಿನಲ್ಲಿ ಖಾಸಗಿ ಆಸ್ಪತ್ರೆಯ ವೆಚ್ಚ ಭರಿಸಲಾಗದವರು ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆಯಲ್ಲಿ ಮೂಳೆತಜ್ಞರನ್ನು ಕಾಣಬಹುದು.

ಎರಡನೆಯದು ವ್ಯಾಯಾಮ ಮತ್ತು ತೂಕ. ಇದನ್ನು ಬಹಳ ಮಂದಿ ಕಾಟಾಚಾರಕ್ಕೆ ಮಾಡಿ ಬಿಟ್ಟುಬಿಡುತ್ತಾರೆ ಎಂಬುದೇ ನನ್ನ ಬೇಸರ. ದೇಹದ ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಒತ್ತಡ ಸುಮಾರು ನಾಲ್ಕು ಕಿಲೋದಷ್ಟು ತಗ್ಗುತ್ತದೆಂದು ಅಧ್ಯಯನಗಳು ತೋರಿಸಿವೆ. ಕಾಲು ಚಾಚಿ ಕುಳಿತು, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಕೆಳಕ್ಕೆ ಒತ್ತಿ ಐದು ಸೆಕೆಂಡು ಹಿಡಿದು ಸಡಿಲಿಸಿ. ತೊಡೆಯ ಮುಂಭಾಗದ ಸ್ನಾಯು ಬಿಗಿಯಾಗುವುದು ಕೈಗೆ ತಿಳಿಯಬೇಕು. ಇದನ್ನು ಫಿಸಿಯೋಥೆರಪಿಸ್ಟರಿಂದ ಕಲಿತು, ಕನಿಷ್ಠ ಮೂರು ತಿಂಗಳಾದರೂ ಬಿಡದೆ ಮಾಡಿದ ಮೇಲೆಯೇ ಫಲದ ಬಗ್ಗೆ ತೀರ್ಮಾನಿಸಬೇಕು. ಲಾಲ್‌ಬಾಗಿನಲ್ಲಿ ಸಮತಟ್ಟಾದ ದಾರಿಯ ನಡಿಗೆ ಒಳ್ಳೆಯದು, ಅಲ್ಲಿನ ಬಂಡೆ ಹತ್ತಿಳಿಯುವುದು ಸದ್ಯಕ್ಕೆ ಬೇಡ. ಕುಕ್ಕರಗಾಲಿನಲ್ಲಿ ಕೂರುವುದನ್ನೂ ಕಡಿಮೆ ಮಾಡಿ.

ನೋವಿಗೆ ಹಚ್ಚುವ ಮುಲಾಮು ಸಾಕಾದರೆ ಮಾತ್ರೆಯ ತಂಟೆಗೆ ಹೋಗಬೇಡಿ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು ನೋವುನಿವಾರಕಗಳನ್ನು ವೈದ್ಯರನ್ನು ಕೇಳದೆ ನುಂಗಲೇಬಾರದು. ಸ್ಟೀರಾಯ್ಡ್ ಚುಚ್ಚುಮದ್ದು ಕೆಲವು ವಾರ ನೋವನ್ನು ತಗ್ಗಿಸುತ್ತದೆ, ಆದರೆ ಮೂರು ತಿಂಗಳಿಗೊಮ್ಮೆ ಎರಡು ವರ್ಷ ಕೊಟ್ಟು ನೋಡಿದ 2017ರ ಅಧ್ಯಯನದಲ್ಲಿ ಮೃದ್ವಸ್ಥಿ ಹೆಚ್ಚು ತೆಳುವಾಗಿದ್ದು ಕಂಡುಬಂತು. ನಮ್ಮದೇ ರಕ್ತದಿಂದ ತಯಾರಿಸುವ ಪಿಆರ್‌ಪಿ ಚುಚ್ಚುಮದ್ದಿನ ಫಲಿತಾಂಶಗಳು ಒಂದೇ ತೆರನಾಗಿಲ್ಲ. ಹೊಸ ಮೃದ್ವಸ್ಥಿ ಬೆಳೆಸಿಕೊಡುತ್ತೇವೆಂಬ ಜಾಹೀರಾತನ್ನು ನಂಬಿ ಸಾಲ ಮಾಡಬೇಡಿ.

ಇಷ್ಟಾದರೂ ತೊಂದರೆ ಉಳಿದರೆ ಶಸ್ತ್ರಚಿಕಿತ್ಸೆಯ ವಿಚಾರ. ಗುಳಿ ಎರಡು ಚದರ ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದರೆ ಅಡಿಯ ಎಲುಬಿನಲ್ಲಿ ಸಣ್ಣ ರಂಧ್ರಗಳನ್ನು ಕೊರೆದು, ಒಸರಿದ ಮಜ್ಜೆಯಿಂದ ಹೊಸ ಪದರ ಬೆಳೆಯುವಂತೆ ಮಾಡುವ ಮೈಕ್ರೋಫ್ರ್ಯಾಕ್ಚರ್ ಸುಲಭದ ದಾರಿ, ಆದರೆ ಹಾಗೆ ಬೆಳೆದ ಪದರ ಮೂಲದಷ್ಟು ಗಟ್ಟಿಯಲ್ಲ. ಭಾರ ಬೀಳದ ಜಾಗದಿಂದ ಎಲುಬು ಸಮೇತ ಮೃದ್ವಸ್ಥಿಯ ತುಂಡುಗಳನ್ನು ತೆಗೆದು ಗುಳಿಗೆ ಕೂರಿಸುವ ಪದ್ಧತಿಯೂ ಇದೆ. ಗುಳಿ ದೊಡ್ಡದಾದರೆ ರೋಗಿಯದೇ ಜೀವಕೋಶಗಳನ್ನು ತೆಗೆದು, ಪ್ರಯೋಗಾಲಯದಲ್ಲಿ ಕೆಲವು ವಾರ ಬೆಳೆಸಿ ಮರಳಿ ಇರಿಸುತ್ತಾರೆ. 1994ರಲ್ಲಿ ಸ್ವೀಡನ್ನಿನ ವೈದ್ಯರು ಪ್ರಕಟಿಸಿದ ಈ ವಿಧಾನ ದುಬಾರಿ, ಸಾಮಾನ್ಯವಾಗಿ ಎರಡು ಬಾರಿ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಕಾಲು ಬಾಗಿ ಮಂಡಿಯ ಒಳಬದಿ ಮಾತ್ರ ಸವೆದಿರುವ ಮಧ್ಯವಯಸ್ಕರಿಗೆ ಕಾಲಿನ ಎಲುಬನ್ನು ಕತ್ತರಿಸಿ ನೇರಗೊಳಿಸುವುದು ಕೃತಕ ಮಂಡಿಯನ್ನು ಹಲವು ವರ್ಷ ಮುಂದೂಡಬಲ್ಲದು. ಇಡೀ ಕೀಲು ಸವೆದವರಿಗೆ ಸಣ್ಣ ರಂಧ್ರದ ಮೂಲಕ ದೂರ್ಬೀನು ತೂರಿಸಿ (ಆರ್ತ್ರೋಸ್ಕೋಪಿ) ಕೀಲು ತೊಳೆಯುವುದರಿಂದ ಪ್ರಯೋಜನವಿಲ್ಲವೆಂದು 2002ರಲ್ಲೇ ಗೊತ್ತಾಗಿದೆ. ಅವರಿಗೆ ಕೊನೆಯ ದಾರಿ ಮಂಡಿ ಬದಲಾವಣೆ. ಅದಕ್ಕೆ ಬಳಸುವ ಕೃತಕ ಕೀಲಿನ ಬೆಲೆಗೆ ಕೇಂದ್ರ ಸರ್ಕಾರ 2017ರಲ್ಲಿ ಮಿತಿ ಹಾಕಿದೆಯಾದ್ದರಿಂದ ಬಿಲ್ಲಿನಲ್ಲಿ ಕೀಲಿನ ದರವನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳಿ.

ದಿನ ಗೊತ್ತುಮಾಡುವ ಮುನ್ನ ಎಷ್ಟು ವಾರ ಕಾಲೂರಬಾರದೆಂದು ವೈದ್ಯರನ್ನು ಕೇಳಿ. ಮೃದ್ವಸ್ಥಿ ದುರಸ್ತಿಯಾದ ಮೇಲೆ ಆರು ವಾರದವರೆಗೆ ಊರುಗೋಲು ಬೇಕಾಗುವುದುಂಟು. ಲಿಫ್ಟ್ ಇಲ್ಲದ ಮೂರನೆಯ ಮಹಡಿಯಲ್ಲಿ ಬಾಡಿಗೆಗಿರುವವರು ಅಷ್ಟು ದಿನ ಕೆಳಮಹಡಿಯಲ್ಲಿರುವ ನೆಂಟರ ಮನೆಯಲ್ಲಿ ಉಳಿಯುವ ವ್ಯವಸ್ಥೆಯನ್ನು ಮೊದಲೇ ಮಾಡಿಕೊಳ್ಳಬೇಕು.