ಜಗಳ ಎರಡು ನಿಮಿಷ, ಮೆಲುಕು ಎಂಟು ತಿಂಗಳು: ನನ್ನ ಬಿಪಿ ಅನುಭವ

ನನಗೆ ಬಿಪಿ ಇದೆ ಅಂತ ಗೊತ್ತಾಗಿದ್ದು 44ನೇ ವಯಸ್ಸಲ್ಲಿ. ಡಾಕ್ಟರು ಮಾತ್ರೆ ಬರೆದುಕೊಟ್ಟು, ಮನೇಲೇ ಒಂದು ಬಿಪಿ ಮೆಷಿನ್ ಇಟ್ಕೊಂಡು ದಿನಾ ಎರಡು ಹೊತ್ತು ನೋಡಿ ಬರೆದಿಡಿ ಅಂದ್ರು. ಬೆಳಿಗ್ಗೆ 128/82 ಇರ್ತಿದ್ದಿದ್ದು ಕೆಲವು ರಾತ್ರಿ 150 ದಾಟಿಬಿಡ್ತಿತ್ತು. ಉಪ್ಪು ಕಮ್ಮಿ ಮಾಡಿದ್ದೆ, ಮಾತ್ರೆ ಒಂದಿನಾನೂ ತಪ್ಪಿಸಿರ್ಲಿಲ್ಲ. ಯಾಕೆ ಹೀಗೆ ಅಂತ ತಿಳ್ಕೊಳ್ಳೋಕೆ ನಂಬರ್ ಪಕ್ಕದಲ್ಲೇ "ಈಗ ತಲೇಲಿ ಏನು ಓಡ್ತಿತ್ತು" ಅಂತ ಒಂದು ಸಾಲು ಬರೆಯೋಕೆ ಶುರು ಮಾಡಿದೆ. ಮೂರು ವಾರ ಆದ್ಮೇಲೆ ಪುಟ ತಿರುಗಿಸಿ ನೋಡಿದ್ರೆ, ಜಾಸ್ತಿ ಬಂದ ರಾತ್ರಿಗಳಲ್ಲೆಲ್ಲಾ ಒಂದೇ ಪದ ಇತ್ತು. ಅಣ್ಣ.

ಎಂಟು ತಿಂಗಳ ಹಿಂದೆ ಮನೆಯವರೆಲ್ಲ ಇದ್ದಾಗ ಅಣ್ಣ ನನಗೆ ಒಂದು ಮಾತು ಅಂದಿದ್ದ, ಅಪ್ಪನ್ನ ನೋಡ್ಕೊಂಡಿದ್ದು ನೀನು ಬರೀ ಹೆಸರಿಗೆ ಅಂತ. ಆಸ್ಪತ್ರೆಯಲ್ಲಿ ರಾತ್ರಿ ಕೂತವನು ನಾನು. ಆವತ್ತು ನಾನೂ ಎರಡು ಮಾತು ಅಂದೆ, ಎದ್ದು ಬಂದೆ, ಜಗಳ ಅಲ್ಲಿಗೇ ಮುಗೀತು. ಆದ್ರೆ ಮಲಗಿದ ತಕ್ಷಣ ಅದೇ ಸೀನು ಮತ್ತೆ ಶುರು, ಅವನು ಹಾಗಂದ, ನಾನು ಹೀಗೆ ಉತ್ತರ ಕೊಡ್ಬೇಕಿತ್ತು, ಆಗ ಅವನು ಏನಂತಿದ್ದ, ಅದಕ್ಕೆ ನಾನು ಇನ್ನೇನು ಹೇಳ್ತಿದ್ದೆ ಅಂತ, ಗಂಟೆಗಟ್ಲೆ. ದವಡೆ ಬಿಗಿಯಾಗಿರೋದು ಗೊತ್ತಾಗ್ತಿತ್ತು, ಎದೆ ಬಡಿತ ದಿಂಬಿಗೇ ಕೇಳಿಸ್ತಿತ್ತು.

ಆಮೇಲೆ ಓದೋಕೆ ಶುರು ಮಾಡಿದೆ. ಸಿಟ್ಟು ಬಂದಾಗ ಅಡ್ರಿನಲಿನ್ ಏರುತ್ತೆ, ಹೃದಯ ಜೋರಾಗಿ ಬಡಿಯುತ್ತೆ, ರಕ್ತನಾಳ ಬಿಗಿಯಾಗುತ್ತೆ, ಇದು ಎಲ್ಲರಿಗೂ ಗೊತ್ತಿರೋದೇ. ನನ್ನನ್ನ ಹಿಡಿದು ನಿಲ್ಲಿಸಿದ್ದು 2024ರಲ್ಲಿ ಅಮೆರಿಕಾದಲ್ಲಿ ಪ್ರಕಟವಾದ ಒಂದು ಪ್ರಯೋಗ. 280 ಜನ ಆರೋಗ್ಯವಂತರನ್ನ ತಗೊಂಡು, ಕೆಲವರಿಗೆ ಹಿಂದೆ ಸಿಟ್ಟು ತರಿಸಿದ ಘಟನೆಯನ್ನ 8 ನಿಮಿಷ ನೆನೆಸ್ಕೊಳ್ಳಿ ಅಂದ್ರು, ಇನ್ನು ಕೆಲವರಿಗೆ ಆತಂಕ ಅಥವಾ ದುಃಖ ತರೋ ಕೆಲಸ ಕೊಟ್ರು, ಉಳಿದವರು ಸುಮ್ನೆ ನಂಬರ್ ಎಣಿಸಿದ್ರು. ಸಿಟ್ಟು ನೆನೆಸ್ಕೊಂಡವರಲ್ಲಿ ರಕ್ತನಾಳ ಹಿಗ್ಗೋ ಶಕ್ತಿ 40 ನಿಮಿಷದವರೆಗೂ ಕಮ್ಮಿಯಾಗಿತ್ತು, ಆತಂಕ ಮತ್ತೆ ದುಃಖದವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಗಮನಿಸಿ, ಅಲ್ಲಿ ಯಾರೂ ಯಾರನ್ನೂ ಬೈದಿರ್ಲಿಲ್ಲ, ಬರೀ ಹಳೇದನ್ನ ನೆನೆಸ್ಕೊಂಡಿದ್ದು. ನಾನು ಅದನ್ನೇ ಪ್ರತಿ ರಾತ್ರಿ ಮಾಡ್ತಿದ್ದೆ, ಅದೂ 8 ನಿಮಿಷ ಅಲ್ಲ. ಒಂದು ಸಲ ಹಾಗಾದ್ರೆ ದೇಹ ಸರಿ ಹೋಗುತ್ತೆ, ದಿನಾ ಅದೇ ಆದ್ರೆ ನಾಳದ ಒಳಪದರಕ್ಕೆ ಪೆಟ್ಟು ಬಿದ್ದು ಮುಂದೆ ಕೊಬ್ಬು ಕಟ್ಟೋಕೆ ದಾರಿ ಆಗ್ಬಹುದು ಅನ್ನೋದು ಸಂಶೋಧಕರ ಆತಂಕ.

ಮೊದ್ಲು ನಾನು ಮಾಡಿದ್ದೇ ತಪ್ಪು. ಸಿಟ್ಟನ್ನ ಬೆವರಲ್ಲಿ ಇಳಿಸ್ತೀನಿ ಅಂತ ಅಣ್ಣನ್ನ ನೆನೆಸ್ಕೊಂಡೇ ಜೋರಾಗಿ ಓಡ್ತಿದ್ದೆ, ವಾಪಸ್ ಬಂದಾಗ ಇನ್ನೂ ಉರೀತಿತ್ತು. ಓಟ ಹೃದಯಕ್ಕೆ ಒಳ್ಳೇದೇ, ಆದ್ರೆ ಸಿಟ್ಟು ನೆತ್ತಿಗೇರಿರೋ ಹೊತ್ತಲ್ಲಿ ಬೇಡ. 52 ದೇಶಗಳ ಹಾರ್ಟ್ ಅಟ್ಯಾಕ್ ಆದವರನ್ನ ಕೇಳಿ ಮಾಡಿದ ಒಂದು ದೊಡ್ಡ ಅಧ್ಯಯನ 2016ರಲ್ಲಿ ಬಂತು. ಸಿಟ್ಟು ಅಥವಾ ತುಂಬಾ ಮನಸ್ಸು ಕೆಟ್ಟಿದ್ದ ನಂತರದ ಒಂದು ಗಂಟೇಲಿ ಅಪಾಯ ಎರಡು ಪಟ್ಟು ಮೀರಿ ಇತ್ತು, ಅದರ ಜೊತೆ ಭಾರೀ ದೈಹಿಕ ಶ್ರಮಾನೂ ಸೇರಿದ್ರೆ ಸುಮಾರು ಮೂರು ಪಟ್ಟು. ಹಾಗಂತ ಒಂದು ಸಲ ರೇಗಿದ್ರೆ ಹಾರ್ಟ್ ಅಟ್ಯಾಕ್ ಆಗುತ್ತೆ ಅಂತಲ್ಲ, ಆರೋಗ್ಯವಾಗಿರೋರಿಗೆ ಆ ಒಂದು ಗಂಟೆಯ ಅಪಾಯ ಮೊದಲೇ ತೀರಾ ಚಿಕ್ಕದು. ಬಿಪಿ, ಶುಗರ್, ಸಿಗರೇಟು ಇರೋರಿಗೆ ಲೆಕ್ಕ ಬೇರೆ.

ಕೊನೆಗೆ ಕೆಲಸಕ್ಕೆ ಬಂದಿದ್ದು ತುಂಬಾ ಸಣ್ಣ ವಿಷಯಗಳು. ಮೆಲುಕು ಶುರುವಾಗೋದನ್ನ ಮೊದಲ ನಿಮಿಷದಲ್ಲೇ ಹಿಡಿಯೋದು ಕಲಿತೆ, ನನಗೆ ಅದರ ಗುರುತು ದವಡೆ. ದವಡೆ ಬಿಗಿಯಾದ್ರೆ "ಮತ್ತೆ ಶುರುವಾಯ್ತು" ಅಂತ ಬಾಯಿ ಬಿಟ್ಟು ಹೇಳ್ತೀನಿ, ಎದ್ದು ಕೂತು ನಿಧಾನವಾಗಿ ಉಸಿರಾಡ್ತೀನಿ, ನಿಮಿಷಕ್ಕೆ ಆರು ಸಲ ಬರೋ ಹಾಗೆ, ಒಳಗೆ 4 ಎಣಿಕೆ ಹೊರಗೆ 6. ಉಸಿರು ಹೊರಗೆ ಬಿಡುವಾಗ ವೇಗಸ್ ನರ ಹೃದಯದ ಬಡಿತ ಇಳಿಸುತ್ತೆ, ಅದಕ್ಕೇ ಬಿಡೋದು ಉದ್ದ. ಹತ್ತು ನಿಮಿಷ ಆದ್ಮೇಲೆ ಮೆಷಿನ್ನಲ್ಲಿ 152 ಇದ್ದಿದ್ದು 136ಕ್ಕೆ ಬಂದಿದ್ದನ್ನ ಮೊದಲ ಸಲ ನೋಡಿದಾಗ ನಿಜವಾಗ್ಲೂ ಕಣ್ಣಲ್ಲಿ ನೀರು ಬಂತು. ಆದ್ರೂ ಯೋಚನೆ ಬಿಡ್ಲಿಲ್ಲ ಅಂದ್ರೆ ಮಲಗಿಕೊಂಡು ಅದರ ಜೊತೆ ಗುದ್ದಾಡಲ್ಲ, ಎದ್ದು ಬಟ್ಟೆ ಮಡಿಸ್ತೀನಿ, ಕೈಗೂ ಕಣ್ಣಿಗೂ ಕೆಲಸ ಇದ್ರೆ ಸೀನು ಅರ್ಧಕ್ಕೇ ಕಟ್ಟಾಗುತ್ತೆ. ಸಂಜೆ 15 ನಿಮಿಷ ಮಾತ್ರ ಅಣ್ಣನ ವಿಷಯಕ್ಕೆ ಅಂತ ಇಟ್ಟೆ, ಆಗ ಬರೀತೀನಿ, ಆದ್ರೆ ಅವನು ಏನಂದ ಅಂತಲ್ಲ, ನನಗೆ ಏನು ಬೇಕು ಅಂತ.

ಹಾಗೆ ಬರೀತಾ ಬರೀತಾ ಗೊತ್ತಾಗಿದ್ದು, ನನಗೆ ಬೇಕಿದ್ದಿದ್ದು ಅವನ ಸೋಲಲ್ಲ, ಆ ರಾತ್ರಿಗಳನ್ನ ಅವನು ಒಪ್ಕೋಬೇಕಿತ್ತು ಅಷ್ಟೇ. ಫೋನ್ ಮಾಡಿ ಅದನ್ನೇ ಹೇಳಿದೆ, "ಅಣ್ಣಾ, ಆ ಮಾತು ನಂಗೆ ತುಂಬಾ ನೋವಾಯ್ತು ಕಣೋ" ಅಂತ. ಅವನು ಕ್ಷಮೆ ಕೇಳ್ಲಿಲ್ಲ, ನೋಡೋಣ ಬಿಡು ಅಂದ. ಇಷ್ಟಾದ್ರೂ ಆ ರಾತ್ರಿ ನಿದ್ದೆ ಬಂತು, ಯಾಕಂದ್ರೆ ತಲೇಲಿ ಸಾವಿರ ಸಲ ಹೇಳಿದ್ದನ್ನ ಒಂದು ಸಲ ಅವನಿಗೇ ಹೇಳಿ ಆಗಿತ್ತು.

ಈಗಲೂ ವಾರಕ್ಕೊಂದು ರಾತ್ರಿ ಆ ಸೀನು ಬರುತ್ತೆ. ಮಾತ್ರೆ ನಡೀತಾ ಇದೆ, ಉಸಿರಾಟ ಚೆನ್ನಾಗಾಯ್ತು ಅಂತ ನಾನಾಗೇ ನಿಲ್ಲಿಸಿಲ್ಲ, ನೀವೂ ದಯವಿಟ್ಟು ನಿಲ್ಲಿಸ್ಬೇಡಿ. ಇನ್ನೊಂದು, ಸಿಟ್ಟಲ್ಲಿರುವಾಗ ಎದೆ ಹಿಂಡಿದ ಹಾಗಾಗಿ ತೋಳಿಗೋ ದವಡೆಗೋ ನೋವು ಹರಡಿದ್ರೆ, ತಣ್ಣಗೆ ಬೆವರಿದ್ರೆ, ಉಸಿರು ಎಣಿಸ್ತಾ ಕೂರ್ಬೇಡಿ, ತಕ್ಷಣ ಆಂಬುಲೆನ್ಸಿಗೆ ಫೋನ್ ಮಾಡಿ.